ದೀಪದ ಮಾಮನ ನಡಿಗೆ

"ಕಾರ್ಟೂನಿಗೆ ಬರೆಯುವವರೂ ಬೇಕಾ? ಅದು ಓಡುತ್ತದೆ, ಬೀಳುತ್ತದೆ, ಏಳುತ್ತದೆ. ಅದರಲ್ಲಿ ನೀನು ಎಂತ ಬರೆಯುವುದು ವಾಲ್ಟರ್?" ಎಂದು ಕಾರ್ಕಳದಲ್ಲಿ ನಮ್ಮ ಇಗರ್ಜಿಯ ಫಾದರ್ ಒಮ್ಮೆ ಕೇಳಿದ್ದರು. "ಓಡುತ್ತದೆ, ಬೀಳುತ್ತದೆ, ಏಳುತ್ತದೆ ಅಂತಲೇ ಬರೆಯುವುದು ಫಾದರ್" ಎಂದೆ. ಅವರು ಹೊಟ್ಟೆ ಕುಲುಕಿಸಿ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ಮಣಿಪಾಲದ ಒಂದು ಸ್ಟುಡಿಯೋದಲ್ಲಿ ಇಪ್ಪತ್ತೈದು ವರ್ಷ ಕೂತು ನಾನು ಬರೆದದ್ದು ಹೆಚ್ಚಾಗಿ ಅದನ್ನೇ. ಯಾರು ಹೇಗೆ ಓಡುತ್ತಾರೆ, ಎಲ್ಲಿ ಬೀಳುತ್ತಾರೆ, ಬಿದ್ದಾಗ ಮುಖ ಹೇಗಾಗುತ್ತದೆ. ಮಾತು ಬರೆಯುವುದು ಕೊನೆಯ ಕೆಲಸ. ಮಾತಿಲ್ಲದೆ ನಗಿಸಲಿಕ್ಕೆ ಆಗದೇ ಹೋದಾಗ ಮಾತ್ರ ಮಾತು.

ಈಗ ನಿವೃತ್ತನಾಗಿ ಪರ್ಕಳದ ಮನೆಯಲ್ಲಿದ್ದೇನೆ. ಅನಿಮೇಷನ್ ಕಲಿಯುವ ನಾಲ್ಕಾರು ಮಕ್ಕಳು ಬಂದು, ನಮಗೆ ಉಪಯೋಗವಾಗುವ ಹಾಗೆ ಏನಾದರೂ ಬರೆದು ಕೊಡಿ ಸರ್ ಎಂದರು. ನಾನು ಯಾವಾಗ ಹಿರಿಯ ಬರಹಗಾರನಾದೆ, ಗೋಡೆಯ ಮೇಲಿನ ಫಲಕ ಯಾವುದಕ್ಕೆ ಬಂತು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ಆ ಫಲಕದ ಹಿಂದೆ ಹಲ್ಲಿ ಮೊಟ್ಟೆ ಇಡುತ್ತದೆ, ಅದೊಂದೇ ಅದರ ಪ್ರಯೋಜನ. ಹಾಗಾಗಿ ತಪ್ಪುಗಳನ್ನು ಬರೆಯುತ್ತೇನೆ. ಸಣ್ಣವು ಬೇಕಾದಷ್ಟಿವೆ. ದೊಡ್ಡದು ಒಂದು. ಅದು ನನ್ನ ಗೆಳೆಯ ದಾಮುವಿನದ್ದು. ತಪ್ಪು ಅವನದ್ದಲ್ಲ, ನನ್ನದು, ಅನುಭವಿಸಿದವನು ಅವನು.

ನಮ್ಮ ಸ್ಟುಡಿಯೋ ಎಂದರೆ ಒಂದು ಮೆಸ್ಸಿನ ಮೇಲಿನ ಮಹಡಿ, ಮೂರು ಕೋಣೆ, ಒಂದು ಉದ್ದದ ಕಾರಿಡಾರ್. ಕೆಳಗೆ ಸಾಂಬಾರಿಗೆ ಒಗ್ಗರಣೆ ಬಿದ್ದರೆ ಮೇಲೆ ಎಲ್ಲರೂ ಪೆನ್ಸಿಲ್ ಬಿಟ್ಟು ಸೀನುತ್ತಿದ್ದೆವು. ನಿರ್ದೇಶಕರು ಪ್ರಭುಗಳು ಎಂಬವರು. ಬಿಸಿಲಿರಲಿ ಮಳೆಯಿರಲಿ, ಇಸ್ತ್ರಿ ಮಾಡಿದ ಶರ್ಟನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡೇ ಬರುವ ಮನುಷ್ಯ. ಅವರಿಗಿದ್ದದ್ದು ಒಂದೇ ಮಂತ್ರ: "ನೋಡದೆ ಬಿಡಿಸಬೇಡಿ, ನೋಡದೆ ಬರೆಯಬೇಡಿ." ನಾಯಿ ಬಿಡಿಸಬೇಕಾದರೆ ನಾಯಿಯ ಹಿಂದೆ ಹೋಗಬೇಕು. ಏಡಿ ಬಿಡಿಸಬೇಕಾದರೆ ಕಾಪುವಿನ ಕಡಲತೀರಕ್ಕೆ ಹೋಗಬೇಕು.

ಕಾಪುವಿಗೆ ಹೋದ ದಿನ ಮರೆಯುವಂಥದ್ದಲ್ಲ. ಪ್ರಭುಗಳು ಅದೇ ಇಸ್ತ್ರಿ ಶರ್ಟಿನಲ್ಲಿ ಹೊಯಿಗೆಯ ಮೇಲೆ ಬೋರಲು ಮಲಗಿ ಏಡಿಯ ಬಿಲಕ್ಕೆ ಕ್ಯಾಮೆರಾ ಹಿಡಿದರು. ಅವರ ಹಿಂದೆ ನಾವು ಆರು ಜನ ನಾಲ್ಕು ಕಾಲಿನಲ್ಲಿ. ಬಲೆ ಒಣಗಿಸುತ್ತಿದ್ದ ಒಬ್ಬರು ಬಂದು, "ಎಂತ ಬಿದ್ದದ್ದು? ಉಂಗುರವಾ?" ಎಂದು ಕೇಳಿದರು. ನಾವು ಉತ್ತರ ಕೊಡುವುದರೊಳಗೆ ಅವರೂ ಬಗ್ಗಿ ಹುಡುಕತೊಡಗಿದರು. ಅವರನ್ನು ನೋಡಿ ಪ್ರವಾಸಕ್ಕೆ ಬಂದ ಒಂದು ಕುಟುಂಬ, ಆ ಕುಟುಂಬವನ್ನು ನೋಡಿ ಚರುಮುರಿಯವ. ಅರ್ಧ ಗಂಟೆಯಲ್ಲಿ ದೀಪಸ್ತಂಭದ ಬಂಡೆಯ ಕೆಳಗೆ ಹದಿನೈದು ಜನ ಇಲ್ಲದ ಉಂಗುರ ಹುಡುಕುತ್ತಿದ್ದರು. ನಾನು ಪ್ರಭುಗಳ ಕಿವಿಯಲ್ಲಿ, "ಸರ್, ಹೇಳಿಬಿಡುವ" ಎಂದೆ. "ಸುಮ್ಮನಿರು ಮಾರಾಯ, ಎಷ್ಟು ಚಂದ ಬಗ್ಗುತ್ತಿದ್ದಾರೆ ನೋಡು" ಎಂದು ಅವರು ಕ್ಯಾಮೆರಾವನ್ನು ಏಡಿಯಿಂದ ಜನರ ಕಡೆಗೆ ತಿರುಗಿಸಿದರು. ನಾವು ಹೊರಡುವಾಗ ಬಲೆಯವರು, "ಸಿಕ್ಕಿದರೆ ಇಟ್ಟಿರುತ್ತೇನೆ, ನಾಳೆ ಬಂದು ಕೇಳಿ" ಎಂದರು. ಆ ಮಾತಿಗೆ ನಾವು ವ್ಯಾನಿನಲ್ಲಿ ಮಣಿಪಾಲದವರೆಗೂ ನಕ್ಕೆವು. ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ದಿನ ಅದು ನಮಗೆ ಬರೀ ಒಳ್ಳೆಯ ಶೂಟಿಂಗ್ ಆಗಿತ್ತು.

ಇನ್ನು ದಾಮು. ಪೂರ್ತಿ ಹೆಸರು ದಾಮೋದರ, ಊರು ಉಚ್ಚಿಲ, ಮೀನುಗಾರರ ಮನೆಯವನು. ನಮ್ಮಲ್ಲಿಗೆ ಬರುವ ಮೊದಲು ದೋಣಿಗಳ ಮೇಲೆ ಹೆಸರು ಬರೆಯುವ ಕೆಲಸ ಮಾಡುತ್ತಿದ್ದ. ನೀರಿನಲ್ಲಿ ತೂಗುವ ದೋಣಿಯ ಮೇಲೆ ನಿಂತು ಅಳತೆಗೋಲು ಇಲ್ಲದೆ ನೇರ ಗೆರೆ ಎಳೆಯುವ ಕೈ ಅದು. ಸ್ಟುಡಿಯೋದಲ್ಲಿ ಅವನ ಮೇಜು ನನ್ನ ಮೇಜಿನ ಎದುರು. ನಾನು ಬರೆದದ್ದನ್ನು ಎದ್ದು ನಿಂತು ಅಭಿನಯಿಸಿ ತೋರಿಸುವುದು, ಅವನು ಅದನ್ನು ಚೌಕ ಚೌಕಗಳಲ್ಲಿ ಬಿಡಿಸುವುದು, ಇದು ನಮ್ಮ ಪದ್ಧತಿ. ಸ್ಟೋರಿಬೋರ್ಡ್ ಎನ್ನುತ್ತಾರೆ. ನಾನು ಬೆಕ್ಕಾಗಿದ್ದೇನೆ, ಪ್ರೆಷರ್ ಕುಕ್ಕರ್ ಆಗಿದ್ದೇನೆ, ಹೆರಿಗೆಯಾಗದ ಎಮ್ಮೆಯಾಗಿದ್ದೇನೆ. ಅವನು ಒಂದು ದಿನವೂ ಚೆನ್ನಾಗಿದೆ ಎನ್ನಲಿಲ್ಲ. "ಕುಕ್ಕರ್ ಸರಿ ಇಲ್ಲ, ನಿನ್ನ ಹೊಟ್ಟೆ ಒಳಗೆ ಎಳೆಯಬೇಕು" ಎನ್ನುವವನು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಹೆಂಡತಿಯ ಹತ್ತಿರ ಹೇಳದ್ದನ್ನು ನಾನು ಅವನ ಹತ್ತಿರ ಹೇಳುತ್ತಿದ್ದೆ. ಅವನೂ ಹಾಗೇ ಹೇಳುತ್ತಾನೆ ಎಂದು ನಂಬಿದ್ದೆ.

ಮುಂಬೈಯ ಒಂದು ಮಕ್ಕಳ ಚಾನೆಲ್ ನಮ್ಮಿಂದ ಕರಾವಳಿಯ ಧಾರಾವಾಹಿ ಕೇಳಿತು. ನಾನು ಬರೆದದ್ದು 'ದೀಪದ ಮಾಮ'. ಕಡಲ ಕರೆಯ ದೀಪಸ್ತಂಭ ಕಾಯುವ ಒಬ್ಬ ಮುದುಕ, ಅವನ ಜೊತೆಗೊಂದು ಬಾಯಿಬಡಕ ಏಡಿ. ಮಾದರಿ ಕಂತು ಕಳಿಸಿದೆವು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಬಂತು. ಚೆನ್ನಾಗಿದೆ, ಆದರೆ. ಬಣ್ಣ ಚೆನ್ನಾಗಿದೆ, ಆದರೆ. ಆ 'ಆದರೆ'ಯ ಆಚೆ ಏನಿದೆ ಎಂದು ಪ್ರಭುಗಳು ಫೋನಿನಲ್ಲಿ ಕೆದಕಿ ಕೆದಕಿ ಕೇಳಿದ ಮೇಲೆ ಗೊತ್ತಾಯಿತು: ಏಡಿಗೆ ನಗು ಬರುತ್ತದೆ, ಮಾಮನಿಗೆ ಬರುವುದಿಲ್ಲ.

ನಗು ಬರಬೇಕಾದರೆ ನಡಿಗೆ ಬೇಕು. ಇದನ್ನು ಹೊಸಬರು ಬರೆದಿಟ್ಟುಕೊಳ್ಳಲಿ. ಪಾತ್ರದ ಮುಖ, ಬಟ್ಟೆ, ಧ್ವನಿ ಎಲ್ಲ ಆಮೇಲೆ. ದೂರದಿಂದ, ಕತ್ತಲಾದರೂ, ಯಾರು ಬರುತ್ತಿದ್ದಾರೆ ಎಂದು ನಡಿಗೆಯಲ್ಲೇ ಗೊತ್ತಾಗಬೇಕು. ಆ ಕಾಲದಲ್ಲಿ ಎರಡು ಹೆಜ್ಜೆಗೆ ಹನ್ನೆರಡು ಚಿತ್ರ ಕಾಗದದಲ್ಲಿ ಬಿಡಿಸುತ್ತಿದ್ದೆವು. ಒಮ್ಮೆ ಸರಿಯಾಗಿ ಕೂತರೆ ಅದೇ ಹನ್ನೆರಡು ಚಿತ್ರ ತಿರುಗಿ ತಿರುಗಿ ವರ್ಷಗಟ್ಟಲೆ ಓಡುತ್ತದೆ. ನಡಿಗೆ ಹುಡುಕಲಿಕ್ಕೆ ಪ್ರಭುಗಳು ಒಂದು ಕ್ರಮ ಇಟ್ಟಿದ್ದರು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಕ್ಯಾಮೆರಾದ ಎದುರು ನಡೆಯಬೇಕು. ಯಾರ ಹಾಗೆ ಬೇಕಾದರೂ ನಡೆಯಬಹುದು. ಕ್ಯಾಮೆರಾ ನಿಲ್ಲುವವರೆಗೆ ಯಾರೂ ನಗಬಾರದು.

ಆ ಶನಿವಾರ ನಾನು ಕನ್ನಡಕ ಕಳೆದುಕೊಂಡ ಪಾದ್ರಿಯ ಹಾಗೆ ನಡೆದೆ. ಪ್ರಭುಗಳು ಕಳ್ಳನ ಹಾಗೆ ನಡೆದರು. ಕಳ್ಳನಿಗೂ ಶರ್ಟು ಒಳಗೆ ಸಿಕ್ಕಿಸಿತ್ತು. ಹೊಸದಾಗಿ ಸೇರಿದ ಪ್ರೀತಾ ಎಂಬ ಹುಡುಗಿ ಹಾಸ್ಟೆಲ್ ವಾರ್ಡನ್ನಿನ ಹಾಗೆ. ಕೊನೆಗೆ ದಾಮು. ಅವನು ಯಾರ ಹಾಗೆ ಎಂದು ಹೇಳಲಿಲ್ಲ. ಸುಮ್ಮನೆ ಬಂದ. ಎಡಗೈ ಬೀಸುತ್ತಿದೆ, ಬಲಗೈ ಅಂಟು ಹಾಕಿದ ಹಾಗೆ ಮೈಗೆ ಕೂತಿದೆ. ಬಲಗಾಲಿನ ಚಪ್ಪಲಿ ನೆಲ ಸವರುತ್ತಿದೆ. ತುದಿಗೆ ಬಂದು ತಿರುಗುವಾಗ ಎಲ್ಲರ ಹಾಗೆ ಗಕ್ಕನೆ ತಿರುಗದೆ, ಇಕ್ಕಟ್ಟಿನ ಓಣಿಯಲ್ಲಿ ಕೈಗಾಡಿ ತಿರುಗಿಸುವ ಹಾಗೆ ಐದಾರು ಪುಟ್ಟ ಹೆಜ್ಜೆ ಇಟ್ಟು ತಿರುಗಿದ. ಕ್ಯಾಮೆರಾ ಇನ್ನೂ ಓಡುತ್ತಿತ್ತು, ನಾವು ನಿಯಮ ಮುರಿದು ನಕ್ಕೆವು. ಪ್ರೀತಾ ಗೋಡೆ ಹಿಡಿದು ಕೂತೇಬಿಟ್ಟಳು.

"ಇದು! ಇದೇ ಮಾಮ!" ಎಂದು ಪ್ರಭುಗಳು ಕೂಗಿದರು.

"ಎಂಥ ಆ್ಯಕ್ಟಿಂಗ್ ಮಾರಾಯ! ಇಷ್ಟು ವರ್ಷ ಎಲ್ಲಿ ಅಡಗಿಸಿ ಇಟ್ಟಿದ್ದೆ?" ಎಂದೆ ನಾನು.

ದಾಮು ಕಾರಿಡಾರಿನ ತುದಿಯಲ್ಲಿ ನಿಂತು ನಮ್ಮನ್ನೆಲ್ಲ ಒಮ್ಮೆ ನೋಡಿದ. ಆಮೇಲೆ ಅವನೂ ನಕ್ಕ.

ನಡಿಗೆ ಬಿಡಿಸುವುದು ಪ್ರೀತಾಳ ಕೆಲಸ. ದಾಮು ಮಾತ್ರ, "ಇದನ್ನು ನಾನೇ ಬಿಡಿಸುತ್ತೇನೆ" ಎಂದು ಹಟ ಹಿಡಿದ. ಸೋಮವಾರ ಹನ್ನೆರಡು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟು ಪಕ್ಕದಲ್ಲೇ ನಿಂತ. ನಾನು ಹಾಳೆಗಳನ್ನು ಬೆರಳಿನಲ್ಲಿ ಸರಸರ ಬಿಟ್ಟು ನೋಡಿದೆ. ಮಾಮ ನಡೆದ. ನನಗೆ ಕೆಮ್ಮು ಬರುವಷ್ಟು ನಗು. "ಎಂತ ಅನ್ನಿಸುತ್ತದೆ?" ಎಂದು ಕೇಳಿದ. "ಹಿಟ್ ಆಗುತ್ತದೆ ಅನ್ನಿಸುತ್ತದೆ" ಎಂದೆ. "ಹೌದಾ" ಎಂದು ಹೋಗಿ ಕೂತ.

ಹಿಟ್ ಆಯಿತು. ಆ ನಡಿಗೆ ಸಿಕ್ಕಿದ ಮೇಲೆ ಕಥೆಗಳು ತಾವಾಗಿ ಬಂದವು. ಮಾಮ ದೀಪ ಹಚ್ಚಲಿಕ್ಕೆ ಹೊರಟರೆ ಅವನು ಮೆಟ್ಟಿಲು ಹತ್ತಿ ಮುಗಿಸುವಾಗ ಸೂರ್ಯ ಹುಟ್ಟಿರುತ್ತಾನೆ. ಏಡಿ ಅಡ್ಡಡ್ಡ ನಡೆದೂ ಅವನನ್ನು ಹಿಂದೆ ಹಾಕುತ್ತದೆ. ಸ್ಕ್ರಿಪ್ಟಿನಲ್ಲಿ ನಾನು ನನ್ನ ಕೈಯಾರೆ ಬರೆದಿದ್ದೇನೆ: 'ಬಲಗೈ ಯಾವ ಕಾರಣಕ್ಕೂ ಬೀಸಬಾರದು. ಬೀಸಿದರೆ ನಗು ಹೋಗುತ್ತದೆ.' ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆಯನ್ನು ಮೂರು ಕಂತುಗಳಲ್ಲಿ ಏಡಿಯ ಬಾಯಿಯಿಂದ ಹೇಳಿಸಿದ್ದೆ. ಬರೆದವನಿಗೆ ಅದು ತಟ್ಟಲಿಲ್ಲ.

ಎರಡನೆಯ ವರ್ಷ ಮಾಮ ಗುಡ್ಡ ಹತ್ತುವ ಕಂತು ಬಂತು. ಕಾರ್ಕಳದ ಬಾಹುಬಲಿ ಬೆಟ್ಟದ ಮೆಟ್ಟಿಲು ನೋಡಿ ಬರುವ ಎಂದರು ಪ್ರಭುಗಳು. ನಾನು ಆ ಊರಿನವನು. ಬೆಳಿಗ್ಗೆ ಬೇಗ ಹೋಗಬೇಕು, ಚಪ್ಪಲಿ ಕೆಳಗೆ ಬಿಟ್ಟು ಹತ್ತುವುದು, ಬಿಸಿಲೇರಿದರೆ ಬಂಡೆ ಕಾವಲಿಯಾಗುತ್ತದೆ ಎಂದು ಸಾರಿ ಸಾರಿ ಹೇಳಿದ್ದೆ. ಪ್ರಭುಗಳಿಗೆ ಉಡುಪಿಯ ಹೋಟೆಲಿನಲ್ಲಿ ಗೋಳಿಬಜೆ ಬಿಸಿ ಬರುವವರೆಗೆ ಏಳಲಿಕ್ಕೆ ಮನಸ್ಸಿಲ್ಲ. ನಾವು ಬೆಟ್ಟದ ಬುಡ ಮುಟ್ಟುವಾಗ ನಡು ಮಧ್ಯಾಹ್ನ. ಹತ್ತು ಮೆಟ್ಟಿಲಿಗೆ ಕುಣಿತ ಶುರುವಾಯಿತು. ಒಬ್ಬ ಟವೆಲ್ ಹಾಸಿ ಅದರ ಮೇಲೆ ನಿಂತ, ಒಬ್ಬ ನೀರು ಚೆಲ್ಲಿಕೊಂಡ, ಪ್ರೀತಾ ಸ್ಕೆಚ್ ಪುಸ್ತಕದ ಹಾಳೆ ಹರಿದು ಒಂದೊಂದು ಮೆಟ್ಟಿಲಿಗೆ ಒಂದೊಂದು ಇಟ್ಟು ಏರಿದಳು. ಪ್ರಭುಗಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹಾರುತ್ತಲೇ, "ರೆಕಾರ್ಡ್ ಮಾಡಿ, ಇದನ್ನು ರೆಕಾರ್ಡ್ ಮಾಡಿ" ಎಂದು ಅರಚುತ್ತಿದ್ದರು. ಅರ್ಧ ದಾರಿಯಲ್ಲಿ ಕ್ಯಾಮೆರಾದ ಬ್ಯಾಟರಿ ಮುಗಿಯಿತು.

ನಾನು ಊರಿನ ಪಾದ ಇರುವವನು, ಎಲ್ಲರಿಗಿಂತ ಮೊದಲು ಮೇಲೆ ಮುಟ್ಟಿದೆ. ತಿರುಗಿ ನೋಡಿದೆ. ಕೆಳಗೆ ದಾಮು ಒಬ್ಬನೇ ಹತ್ತುತ್ತಿದ್ದ. ಬಂಡೆ ಕಾದದ್ದು ಅವನಿಗೆ ಗೊತ್ತೇ ಇಲ್ಲದ ಹಾಗೆ ನಿಧಾನ. ಬಲಗೈ ಮೈಗೆ ಕೂತಿತ್ತು. ಬಲಗಾಲು ಪ್ರತಿ ಮೆಟ್ಟಿಲಿಗೂ ಒಮ್ಮೆ ತಾಗಿ, ಆಮೇಲೆ ಏರುತ್ತಿತ್ತು. ಥೇಟ್ ದೀಪದ ಮಾಮ. ಯಾರೂ ಅವನನ್ನು ನೋಡುತ್ತಿರಲಿಲ್ಲ, ಕ್ಯಾಮೆರಾ ಇರಲಿಲ್ಲ. ನನಗೆ ಒಂದು ಕ್ಷಣ ಏನೋ ಒಂದು ಅನ್ನಿಸಿತು. ಏನು ಎಂದು ಇಂದಿಗೂ ಸರಿಯಾಗಿ ಹೇಳಲಾರೆ. ಅನ್ನಿಸಿದ್ದನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದೆ: "ಕ್ಯಾಮೆರಾ ಆಫ್ ಆಗಿದೆ ಮಾರಾಯ! ಸಾಕು ಮಾಡು!"

ಅವನು ನಿಂತ. ತಲೆ ಎತ್ತಿ ನನ್ನನ್ನು ನೋಡಿದ. ಎಡಗೈ ಎತ್ತಿ ಬೀಸಿದ. ಮತ್ತೆ ಹಾಗೆಯೇ ಹತ್ತತೊಡಗಿದ.

ಅಭ್ಯಾಸ ಮಾಡುತ್ತಿದ್ದಾನೆ ಎಂದುಕೊಂಡೆ. ನಮ್ಮ ಕಸುಬಿನ ರೋಗವೇ ಇದು. ಇಡೀ ದಿನ ಒಬ್ಬರಿಗೊಬ್ಬರು ಬೆಕ್ಕಾಗಿ, ಕಳ್ಳನಾಗಿ, ಎಮ್ಮೆಯಾಗಿ ನಟಿಸುವವರು ನಾವು. ಅಲ್ಲಿ ಒಬ್ಬ ಸುಮ್ಮನೆ ತಾನಾಗಿ ನಡೆದರೂ ಅದು ನಟನೆ ಎಂದೇ ಕಾಣುತ್ತದೆ. ಬೇರೆ ಯಾವ ಆಫೀಸಿನಲ್ಲಾದರೂ, ಬ್ಯಾಂಕಿನಲ್ಲೋ ಶಾಲೆಯಲ್ಲೋ, ಒಬ್ಬನ ಕಾಲು ನೆಲ ಸವರಿದರೆ ಪಕ್ಕದವನು, "ಎಂತ ಆಯಿತು ಕಾಲಿಗೆ?" ಎಂದು ಕೇಳುತ್ತಾನೆ. ನಮ್ಮಲ್ಲಿ ಚಪ್ಪಾಳೆ ಹೊಡೆದೆವು.

ಮುಂಬೈ ಪ್ರಯಾಣದ ಕಥೆಯನ್ನು ನಾನು ಹಲವು ಕಡೆ ಹೇಳಿ ನಗಿಸಿದ್ದೇನೆ. ಧಾರಾವಾಹಿ ಮುಂದುವರಿಸಬೇಕೋ ಬೇಡವೋ ಎಂದು ಚಾನೆಲಿನವರು ಕರೆದಿದ್ದರು. ಪ್ರಭುಗಳು, ದಾಮು, ನಾನು ಹೋದೆವು. ಮೇಜಿನ ಆಚೆ ನಾಲ್ಕು ಜನ, ಈಚೆ ನಾವು ಮೂವರು. ಪ್ರಭುಗಳು ಸಿಕ್ಕಾಪಟ್ಟೆ ನಗುತ್ತಿದ್ದರು, ನಾನು ಪ್ರಭುಗಳಿಗಿಂತ ಹೆಚ್ಚು. ನಡುವೆ ದಾಮು, ಕಲ್ಲಿನ ಹಾಗೆ. ಮುಖದ ಮೇಲೆ ಒಂದು ಗೆರೆ ಅಲುಗಲಿಲ್ಲ, ರೆಪ್ಪೆ ಕೂಡ ಅಪರೂಪಕ್ಕೆ ಬಡಿಯುತ್ತಿತ್ತು. ಚಾನೆಲಿನ ಹಿರಿಯರು ಒಂದು ಮಾತು ಹೇಳಿ ಅವನನ್ನು ನೋಡುವುದು, ಅವನಿಗೆ ಸಿಟ್ಟು ಬಂದಿದೆ ಎಂದು ಹೆದರಿ ಇನ್ನೊಂದು ಮಾತು ಸೇರಿಸುವುದು. ಹಾಗೆ ಸೇರಿಸಿ ಸೇರಿಸಿ ಇನ್ನೂ ಒಂದು ವರ್ಷಕ್ಕೆ ಒಪ್ಪಿದರು. ಹೊರಗೆ ಬಂದು ಪ್ರಭುಗಳು ಅವನ ಬೆನ್ನು ತಟ್ಟಿ, "ಇನ್ನು ಎಲ್ಲ ಮೀಟಿಂಗಿಗೂ ನೀನೇ ಬರಬೇಕು" ಎಂದರು. ವಾಪಸು ಬರುವಾಗ ರೈಲಿನ ಕಿಟಕಿಯ ಗಾಜಿನಲ್ಲಿ ದಾಮು ತನ್ನ ಮುಖವನ್ನೇ ನೋಡುತ್ತಿದ್ದ.

"ನನ್ನ ಮುಖಕ್ಕೆ ಎಂತ ಆಗಿದೆ ವಾಲ್ಟರ್?" ಎಂದು ಕೇಳಿದ.

"ಬಂಗಾರದ ಮುಖ ಮಾರಾಯ ಅದು. ವಿಮೆ ಮಾಡಿಸು" ಎಂದೆ.

ಕಥೆಯನ್ನು ಹೇಳುವಾಗ ನಾನು ಈ ಕೊನೆಯ ಎರಡು ಮಾತುಗಳನ್ನು ಬಿಟ್ಟುಬಿಡುತ್ತಿದ್ದೆ. ಅವುಗಳಿಗೆ ನಗು ಬರುತ್ತಿರಲಿಲ್ಲ.

ಮುಂದೆ ಕಾಗದ ಹೋಯಿತು. ಗಾಜಿನ ಹಲಗೆಯ ಮೇಲೆ ಪ್ಲಾಸ್ಟಿಕ್ ಪೆನ್ನಿನಲ್ಲಿ ಗೀಚುವ ಕಾಲ ಬಂತು. ನಡಿಗೆಯನ್ನು ಒಮ್ಮೆ ಕಂಪ್ಯೂಟರಿಗೆ ಕಲಿಸಿದರೆ ಆಯಿತು, ಯಾರಿಗೆ ಬೇಕಾದರೂ ತೊಡಿಸಬಹುದು. ವಯಸ್ಸಾದವರೆಲ್ಲ ಗೊಣಗಿದೆವು. ದಾಮುವಿನ ಚಿತ್ರಗಳು ಆ ಹೊತ್ತಿಗೆ ಸಣ್ಣದಾಗುತ್ತಾ ಬಂದಿದ್ದವು. ಚೌಕದ ನಡುವಿನಲ್ಲಿ ಇರುವೆಯಷ್ಟು ಮಾಮ, ಸುತ್ತ ಖಾಲಿ ಜಾಗ. ಅವನ ಸಹಿಯೂ ಸಣ್ಣದಾಗಿತ್ತು. "ಪೆನ್ನು ನಾನು ಹೇಳಿದ ಹಾಗೆ ಕೇಳುವುದಿಲ್ಲ ಸರ್" ಎಂದ. ಪ್ರಭುಗಳು ಎಲ್ಲರ ಎದುರು, "ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂದರು. ನಾನು ದಾಮುವಿನ ಪರ ವಹಿಸಿ ಜಗಳಕ್ಕೆ ನಿಂತೆ. ಪೆನ್ನಿನದ್ದೇ ತಪ್ಪು, ಈ ಹಾಳು ಯಂತ್ರಗಳಿಂದ ಕಲೆ ಸಾಯುತ್ತದೆ ಎಂದು ಅರ್ಧ ಗಂಟೆ ಭಾಷಣ ಮಾಡಿದೆ. ಗೆಳೆಯನಿಗಾಗಿ ನಾನು ಮಾಡಿದ ಅತಿ ದೊಡ್ಡ ಜಗಳ ಅದು. ಅದೂ ತಪ್ಪು ಆರೋಪಿಯ ಮೇಲೆ.

ಉಡುಪಿಯ ಒಂದು ಶಾಲೆಯವರು ಛದ್ಮವೇಷ ಸ್ಪರ್ಧೆಗೆ ನಮ್ಮಿಬ್ಬರನ್ನು ತೀರ್ಪುಗಾರರಾಗಿ ಕರೆದಿದ್ದರು. ಆರೇಳು ಮಕ್ಕಳು ದೀಪದ ಮಾಮನಾಗಿಯೇ ಬಂದಿದ್ದರು. ಹತ್ತಿಯ ಗಡ್ಡ, ಕೈಯಲ್ಲಿ ಟಾರ್ಚು, ಬಲಗೈಯನ್ನು ಶರ್ಟಿಗೆ ಪಿನ್ನು ಹಾಕಿ ಸಿಕ್ಕಿಸಿದ್ದರು. ಸಭೆಯೆಲ್ಲ ಹೋ ಎಂದು ನಗುತ್ತಿತ್ತು. ಅವರಲ್ಲಿ ಒಬ್ಬ ಪುಟ್ಟ ಹುಡುಗಿಯನ್ನು ದಾಮು ಹತ್ತಿರ ಕರೆದ. "ಕೈ ಸರಿ ಉಂಟು ಮಗಾ. ಕಾಲು ಬೇಕೆಂದು ಎಳೆಯಬಾರದು. ಎತ್ತಬೇಕು ಅಂತ ಇರುತ್ತದೆ, ಎತ್ತಲಿಕ್ಕೆ ಆಗುವುದಿಲ್ಲ, ಹಾಗೆ" ಎಂದ. ಹುಡುಗಿ ಇನ್ನೊಮ್ಮೆ ನಡೆದು ತೋರಿಸಿದಳು. "ಈಗ ಸರಿ" ಎಂದು ಅವಳಿಗೇ ಮೊದಲ ಬಹುಮಾನ ಕೊಟ್ಟ. ಎಂಥ ಸೂಕ್ಷ್ಮ, ಎಂಥ ಕಲಾವಿದ ಎಂದು ಹೆಡ್‌ಮಿಸ್ಟ್ರೆಸ್ ಮೈಕಿನಲ್ಲಿ ಹೊಗಳಿದರು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಆ ಮಳೆಗಾಲ ದಾಮು ಉಚ್ಚಿಲದಲ್ಲಿ ತನ್ನ ಮನೆಯ ಹೊಸಿಲು ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಅವನ ಹೆಂಡತಿ ಸುಜಾತಕ್ಕ ಫೋನ್ ಮಾಡಿದರು. ನಾನು ಆಸ್ಪತ್ರೆಗೆ ಓಡಿದೆ. ಮೂಳೆಯ ಡಾಕ್ಟರು ಕೈಗೆ ಕಟ್ಟು ಹಾಕಿ, ಅವನು ಕುರ್ಚಿಯಿಂದ ಏಳುವುದನ್ನು ನೋಡಿ, ನರಗಳ ಡಾಕ್ಟರಿಗೆ ತೋರಿಸಿ ಎಂದರು. ನರಗಳ ಡಾಕ್ಟರು ಒಬ್ಬ ಹೆಂಗಸು, ಮಿತಭಾಷಿ. ಅವನನ್ನು ಹೊರಗಿನ ಕಾರಿಡಾರಿಗೆ ಕರೆದುಕೊಂಡು ಹೋಗಿ, "ಆ ತುದಿಯವರೆಗೆ ನಡೆದು ತಿರುಗಿ ಬನ್ನಿ" ಎಂದರು.

ದಾಮು ನಡೆದ. ಬಲಗಾಲು ನೆಲ ಸವರಿತು. ತುದಿಯಲ್ಲಿ ಐದಾರು ಪುಟ್ಟ ಹೆಜ್ಜೆ ಇಟ್ಟು ತಿರುಗಿದ. ಡಾಕ್ಟರು ನಗಲಿಲ್ಲ. ಅದೇ ನಡಿಗೆಯನ್ನು ನಗದೆ ನೋಡುವವರನ್ನು ನಾನು ಮೊದಲ ಸಲ ಕಂಡದ್ದು. ನಾನು ಬೆಂಚಿನ ಮೇಲೆ ಕೂತೆ.

ಪಾರ್ಕಿನ್ಸನ್ ಎಂದರು, ಕೈಕಾಲು, ಮುಖ ಬಿಗಿಯಾಗುವ, ಅಕ್ಷರ ಸಣ್ಣದಾಗುವ ನರಗಳ ಕಾಯಿಲೆ. "ನಡಿಗೆ ಹೀಗಾಗಿ ಎಷ್ಟು ಸಮಯ ಆಯಿತು?" ಎಂದು ಕೇಳಿದರು. "ಒಂದು ವರ್ಷ ಆಗಿರಬಹುದು ಡಾಕ್ಟ್ರೇ, ಮೊದಲು ಇವರು ಹಾಗೆ ತಮಾಷೆಗೆ ನಡೆಯುತ್ತಿದ್ದರು" ಎಂದರು ಸುಜಾತಕ್ಕ. ದಾಮು ನೆಲ ನೋಡುತ್ತಿದ್ದ. ಡಾಕ್ಟರು ನನ್ನ ಕಡೆ ತಿರುಗಿ, "ನೀವು ಜೊತೆಗೆ ಕೆಲಸ ಮಾಡುವವರಲ್ವಾ? ನಿಮಗೆ ಏನಾದರೂ ಗೊತ್ತುಂಟಾ?" ಎಂದರು.

ನನಗೆ ಗೊತ್ತಿತ್ತು. ಆರು ವರ್ಷ. ಒಂದು ಅಂದಾಜಿನ ಮಾತಲ್ಲ, ಸ್ಟುಡಿಯೋದ ಕಂಪ್ಯೂಟರಿನಲ್ಲಿ ಆ ಶನಿವಾರದ ವಿಡಿಯೋ ಇತ್ತು. "ನಾನು ಗಮನಿಸಲಿಲ್ಲ ಡಾಕ್ಟರ್" ಎಂದೆ.

ಗಮನಿಸುವುದೇ ಕಸುಬಾದವನು ಆಡಿದ ಮಾತು ಇದು. ಆರು ವರ್ಷ ಎಂದಿದ್ದರೆ, ಆರು ವರ್ಷ ಎಂತ ಮಾಡುತ್ತಿದ್ದಿರಿ ಎಂದು ಅವರು ಕೇಳುತ್ತಿದ್ದರು. ನಗುತ್ತಿದ್ದೆ ಎನ್ನಬೇಕಾಗುತ್ತಿತ್ತು, ಅದೂ ಸುಜಾತಕ್ಕನ ಎದುರು. ಡಾಕ್ಟರು ಬರೆದುಕೊಳ್ಳುತ್ತಾ, "ಬೇಗ ಬಂದಿದ್ದರೆ ವಾಸಿಯಾಗುತ್ತಿತ್ತು ಅಂತ ಅಲ್ಲ. ಮಾತ್ರೆ ಶುರು ಮಾಡಿದ್ದರೆ ಕೈ ಇನ್ನೂ ಕೆಲವು ವರ್ಷ ಚೆನ್ನಾಗಿ ಮಾತು ಕೇಳುತ್ತಿತ್ತು" ಎಂದರು. ಚಿತ್ರ ಬಿಡಿಸುವವನಿಗೆ ಕೆಲವು ವರ್ಷ ಎಂದರೆ ಎಷ್ಟು ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮುರಿದ ಮಣಿಕಟ್ಟು ಕೂಡಿತು, ಕೈ ಮಾತ್ರ ಮತ್ತೆ ಮೇಜಿಗೆ ಬರಲಿಲ್ಲ. ದಾಮು ಕೆಲಸ ಬಿಟ್ಟ. ನಾನು ಮೊದಮೊದಲು ತಿಂಗಳಿಗೊಮ್ಮೆ ಉಚ್ಚಿಲಕ್ಕೆ ಹೋದೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಫೋನು. ಕೆಲಸ ಹೆಚ್ಚು ಎನ್ನುತ್ತಿದ್ದೆ. ಕೆಲಸ ಎಂದರೆ ಅದೇ. ಇನ್ನೂ ಎರಡು ವರ್ಷ ನಾನು ದೀಪದ ಮಾಮನಿಗೆ ಬರೆದೆ. ಕಂಪ್ಯೂಟರಿನಲ್ಲಿ ಕೂತಿದ್ದ ದಾಮುವಿನ ನಡಿಗೆಯನ್ನು ಪ್ರೀತಾ ಒಂದು ಬಟನ್ ಒತ್ತಿ ನಡೆಸುತ್ತಿದ್ದಳು. ಒಂದು ಸಲ ಅವಳು, "ಸರ್, ಇದನ್ನು ಬದಲಾಯಿಸುವಾ? ನನಗೆ ನೋಡಲಿಕ್ಕೆ ಆಗುವುದಿಲ್ಲ" ಎಂದು ಕೇಳಿದಳು. ಚಾನೆಲಿನವರು ಒಪ್ಪುವುದಿಲ್ಲ ಎಂದೆ. ಚಾನೆಲಿನವರನ್ನು ನಾನು ಕೇಳಿಯೇ ಇರಲಿಲ್ಲ.

ನನ್ನ ಬೀಳ್ಕೊಡುಗೆಯ ದಿನ ಗೋಡೆಯ ಮೇಲೆ ಹಳೆಯ ತುಣುಕುಗಳನ್ನು ಹಾಕಿ ತೋರಿಸಿದರು. ಹೊಸ ಹುಡುಗರು ಪ್ರೀತಿಯಿಂದ ಜೋಡಿಸಿದ್ದು. ಅದರಲ್ಲಿ ಆ ಶನಿವಾರದ ಕಾರಿಡಾರ್ ಬಂತು. ದಾಮು ನಡೆದ. ಹಿಂದಿನಿಂದ ನನ್ನದೇ ನಗು ಕೇಳಿತು, ಎಲ್ಲರಿಗಿಂತ ಜೋರಾಗಿ. ಹುಡುಗರೂ ನಕ್ಕರು, ಅವರಿಗೆ ಅವನು ಯಾರೆಂದು ಗೊತ್ತಿಲ್ಲ. ಪಕ್ಕದಲ್ಲಿ ಕೂತಿದ್ದ ಪ್ರಭುಗಳು ಕನ್ನಡಕ ತೆಗೆದು ಒರೆಸತೊಡಗಿದರು. "ನಾವು ಆ್ಯಕ್ಟಿಂಗ್ ಅಂದುಕೊಂಡೆವು ಅಲ್ವಾ ವಾಲ್ಟರ್?" ಎಂದರು ಮೆಲ್ಲಗೆ. "ಹೌದು ಸರ್" ಎಂದೆ. ಬೆಟ್ಟದ ಮೇಲಿನಿಂದ ನಾನು ಕಂಡದ್ದನ್ನು ಅವರಿಗೂ ಹೇಳಲಿಲ್ಲ.

ಅದರ ಮುಂದಿನ ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ನೇರ ಬಸ್ಸು ಹತ್ತಿ ಉಚ್ಚಿಲಕ್ಕೆ ಹೋದೆ. ದಾಮು ಜಗಲಿಯಲ್ಲಿ ಕೂತಿದ್ದ. ತುಂಬಾ ಇಳಿದುಹೋಗಿದ್ದ. ಬಲಗೈ ತೊಡೆಯ ಮೇಲೆ ಅದರಷ್ಟಕ್ಕೆ ಅದು ನಡುಗುತ್ತಿತ್ತು. ಸುಜಾತಕ್ಕ ಅವನಿಗೆ ಅರ್ಧ ಲೋಟ ಚಾ ಕೊಟ್ಟರು, ಪೂರ್ತಿ ಕೊಟ್ಟರೆ ಚೆಲ್ಲುತ್ತದೆ. "ವಾಲ್ಟರಣ್ಣ ಬರುವುದೇ ಬಿಟ್ಟಿರಿ" ಎಂದು ನನಗೊಂದು ಲೋಟ ಇಟ್ಟು ಒಳಗೆ ಹೋದರು. ಅವನ ಮಾತು ಈಗ ಬಹಳ ಮೆಲ್ಲಗೆ, ಕಿವಿ ಹತ್ತಿರ ತರಬೇಕು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲೋ ಹೋದವು. ಹೇಗೆ ಬಂತೋ ಹಾಗೆ ಹೇಳಿದೆ. ಕಾರ್ಕಳದಲ್ಲಿ ಕ್ಯಾಮೆರಾ ಇಲ್ಲದಾಗಲೂ ನೀನು ಹಾಗೇ ನಡೆಯುವುದನ್ನು ಕಂಡೆ, ಕಂಡೂ ಕೂಗಿ ತಮಾಷೆ ಮಾಡಿದೆ. ಡಾಕ್ಟರು ಕೇಳಿದಾಗ ಗಮನಿಸಲಿಲ್ಲ ಎಂದು ಸುಳ್ಳು ಹೇಳಿದೆ. ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು.

ದಾಮು ಚಾ ಲೋಟವನ್ನು ಎಡಗೈಯಿಂದ ಕೆಳಗಿಟ್ಟ. ಅವನ ಮುಖ ನೋಡಿದರೆ ಏನೂ ತಿಳಿಯುವ ಹಾಗಿಲ್ಲ.

"ಡಾಕ್ಟ್ರ ಹತ್ತಿರ ನಾನೂ ಬಾಯಿ ಬಿಡಲಿಲ್ಲ. ನನಗೆ ಗೊತ್ತಿತ್ತು" ಎಂದ. "ಆ ಶನಿವಾರ ನಾನು ಆ್ಯಕ್ಟಿಂಗ್ ಮಾಡಲಿಲ್ಲ. ಸುಮ್ಮನೆ ನಡೆದೆ. ಕೈ ಯಾಕೋ ಬೀಸುವುದಿಲ್ಲ ಅಂತ ಅದಕ್ಕೂ ಮೊದಲೇ ಗೊತ್ತಾಗಿತ್ತು. ದಿನಾ ನಡಿಗೆ ನೋಡುವವರು ನೀವು. ಯಾರಾದರೂ ಒಬ್ಬರು ಎಂತ ಆಯಿತು ಅಂತ ಕೇಳುತ್ತೀರಿ ಅಂತ ಎಣಿಸಿದೆ. ಹನ್ನೆರಡು ಹಾಳೆಯಲ್ಲಿ ಬಿಡಿಸಿಯೂ ತಂದು ನಿನ್ನ ಎದುರು ಇಟ್ಟೆ."

"ನೀನೇ ಹೇಳಬಹುದಿತ್ತಲ್ಲ ದಾಮು?"

"ಹೆದರಿಕೆ. ಹೇಳಿದರೆ ಪೆನ್ಸಿಲ್ ಕಸಿದುಕೊಂಡು ಮನೆಗೆ ಕಳಿಸುತ್ತಾರೆ ಅಂತ." ಉಸಿರು ತೆಗೆದುಕೊಳ್ಳಲಿಕ್ಕೆ ನಿಲ್ಲಿಸಿದ. "ನೀವೆಲ್ಲ ನಕ್ಕಿರಿ. ನೀನು ಕೆಮ್ಮುವಷ್ಟು ನಕ್ಕೆ. ನನಗೆ ಸಮಾಧಾನ ಆಯಿತು ಮಾರಾಯ. ವಾಲ್ಟರ್ ಇಷ್ಟು ನಗುತ್ತಾನಾದರೆ ಇದು ದೊಡ್ಡ ಕಾಯಿಲೆ ಆಗಿರಲಿಕ್ಕಿಲ್ಲ ಅಂತ. ಹಾಗೆ ಡಾಕ್ಟ್ರ ಹತ್ತಿರ ಹೋಗಲಿಲ್ಲ."

ಚಾ ತಣ್ಣಗಾಗಿತ್ತು. ಅನಿಮೇಷನ್ ಕಲಿಯುವ ಮಕ್ಕಳಿಗೆ ನಾನು ಬೇರೆ ಏನು ಹೇಳಲಿ? ಪಕ್ಕದಲ್ಲಿ ಕೂತವನು ನಗಿಸಿದರೆ ನಕ್ಕುಬಿಡಿ, ನಕ್ಕಾದ ಮೇಲೆ ಅವನ ಹತ್ತಿರ ಹೋಗಿ, ಎಂತ ಆಯಿತು ಎಂದು ಒಮ್ಮೆ ಕೇಳಿ. ಅಷ್ಟು 'ನೋಡಿ, ನೋಡಿ' ಎಂದ ಪ್ರಭುಗಳು ಇದೊಂದನ್ನು ನಮಗೆ ಕಲಿಸಲಿಲ್ಲ, ನಾವೂ ಕಲಿಯಲಿಲ್ಲ.

ಹೊರಡಲು ಎದ್ದು ನಿಂತೆ. ಹೋಗುವ ಮನಸ್ಸಿಲ್ಲ, ಇರುವ ಧೈರ್ಯವಿಲ್ಲ.

"ನನ್ನ ಮೇಲೆ ನಿನಗೆ ಕೋಪ ಉಂಟಾ?" ಎಂದು ಕೇಳಿದೆ. ಇಲ್ಲ ಎನ್ನುತ್ತಾನೆ ಎಂಬ ಆಸೆ ನನಗಿತ್ತು, ಸುಳ್ಳು ಏಕೆ ಹೇಳಲಿ.

"ಉಂಟು" ಎಂದ ದಾಮು. ಆಮೇಲೆ, "ಬರುವ ಆದಿತ್ಯವಾರ ಬಾ. ಆವಾಗಲೂ ಇರುತ್ತದೆ" ಎಂದ.

ಅಂದಿನಿಂದ ಒಂದು ಆದಿತ್ಯವಾರವೂ ತಪ್ಪಿಸಿಲ್ಲ. ಹೋಗುತ್ತೇನೆ, ಅವನಿಗೆ ಚಾ ಕುಡಿಸುತ್ತೇನೆ, ಕೈ ಹಿಡಿದು ಅಂಗಳದಲ್ಲಿ ನಡೆಸುತ್ತೇನೆ. ಬರುವಾಗ ಗೇಟಿನ ಹತ್ತಿರ ನಿಂತು ಕೇಳುತ್ತೇನೆ. ಇನ್ನೂ ಉಂಟು ಎನ್ನುತ್ತಾನೆ.